ಮೊದಲು ಬಾಯಿ ಮುಕ್ಕಳಿಸುವ ಯಂತ್ರ

ರಾತ್ರಿ ಊಟದ ಪಾತ್ರೆಗಳನ್ನು ಜೋಡಿಸಿ, ಪುಡಿ ಹಾಕಿ, ಬಾಗಿಲು ಮುಚ್ಚಿ, ಗುಂಡಿ ಒತ್ತಿದ ಮೇಲೂ ನಾನು ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ದೀಪ ಆರಿಸಿ, ಕಟ್ಟೆಗೆ ಒರಗಿಕೊಂಡು ಐದು ನಿಮಿಷ ನಿಲ್ಲುತ್ತೇನೆ. ಈ ಅಭ್ಯಾಸ ಶುರುವಾದದ್ದು ಹೆದರಿಕೆಯಿಂದ. 2024ರ ಬೇಸಿಗೆಯಲ್ಲಿ ನಮ್ಮ ಡಿಶ್‌ವಾಶರ್ ಶುರುವಾಗುವ ಹೊತ್ತಿಗೆ ವಿಚಿತ್ರವಾಗಿ ಆಡತೊಡಗಿತ್ತು. ಗುಂಡಿ ಒತ್ತಿದ ಕೂಡಲೇ, ಇನ್ನೂ ಒಂದು ಹನಿ ನೀರನ್ನೂ ತೆಗೆದುಕೊಳ್ಳದೆ, ಹೊರಗೆ ಉಗಿಯುವ ಸದ್ದು ಮಾಡುತ್ತಿತ್ತು. ಅರ್ಧ ನಿಮಿಷ ಹಾಗೆ ಉಗಿದು ಸುಮ್ಮನಾಗುತ್ತಿತ್ತು. ಆಮೇಲೆ ಎಲ್ಲೋ ಗೋಡೆಯೊಳಗೆ ಜೇನ್ನೊಣ ಸಿಕ್ಕಿಕೊಂಡಂತೆ ಸಣ್ಣ ಝೇಂಕಾರ, ಅದರ ಹಿಂದೆ ತೆಳ್ಳಗೆ ನೀರು ಬೀಳುವ ಸದ್ದು. ಪಂಪು ತಿರುಗಿತು ಅನ್ನುವಷ್ಟರಲ್ಲಿ ಗೊರಗೊರ, ಖೊರ್ ಖೊರ್, ಮತ್ತೆ ಮೌನ. ಮತ್ತೆ ನೀರು, ಮತ್ತೆ ಗೊರಗೊರ. ಹೀಗೆ ನಾಲ್ಕೈದು ಸಲ. ಕೆಲವು ರಾತ್ರಿ ಅಷ್ಟೆಲ್ಲ ಆದಮೇಲೆ ನಲ್ಲಿಯ ಚಿತ್ರವಿರುವ ಕೆಂಪು ದೀಪ ಹತ್ತಿಕೊಂಡು ಎಲ್ಲವೂ ನಿಂತುಬಿಡುತ್ತಿತ್ತು.

ನನಗಿದ್ದ ಒಂದೇ ಮದ್ದು ಗುಂಡಿಯನ್ನು ಮೂರು ಸೆಕೆಂಡು ಒತ್ತಿಹಿಡಿದು ರದ್ದು ಮಾಡುವುದು. ರದ್ದು ಮಾಡಿದರೆ ಅದು ಇದ್ದ ನೀರನ್ನೆಲ್ಲ ಹೊರಹಾಕಿ ಮೊದಲಿನಿಂದ ಶುರು ಮಾಡುತ್ತಿತ್ತು. ಎರಡನೇ ಸಲವೂ ಅದೇ ಕಥೆ. ಮೂರನೇ ಸಲಕ್ಕೆ ನಾನು ಸೋತು, ಬೇಕಾದ ನಾಲ್ಕು ಪಾತ್ರೆಗಳನ್ನು ಸಿಂಕಿನಲ್ಲಿ ತೊಳೆದು ಮಲಗುತ್ತಿದ್ದೆ. ಬೆಳಿಗ್ಗೆ ಎದ್ದು ಹಾಕಿದರೆ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಕಂಪನಿಯ ಹುಡುಗ ಎರಡು ಸಲ ಬಂದ, ಎರಡು ಸಲವೂ ಬೆಳಿಗ್ಗೆ ಹನ್ನೊಂದು ಗಂಟೆಗೆ. ಅವನೆದುರು ಯಂತ್ರ ಸರಿಯಾಗಿ ನಡೆಯಿತು. "ಮೇಡಂ, ಮಷೀನ್ ಓಕೆ ಇದೆ" ಅಂದ. ಅವನು ಹೇಳಿದ್ದು ನಿಜವೇ ಆಗಿತ್ತು ಎಂದು ನನಗೆ ತಿಳಿಯಲು ಇನ್ನೂ ಎರಡು ತಿಂಗಳು ಬೇಕಾಯಿತು.

ಈ ಯಂತ್ರ ನಮ್ಮ ಮನೆಗೆ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ, ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕ ಬರಲಾಗದೆ ಹೋದಾಗ. ಆಗ ಎಷ್ಟೋ ಮನೆಗಳಿಗೆ ಹಾಗೇ ಬಂತು. ನಾಲ್ಕು ವರ್ಷ ಅದರ ಬಗ್ಗೆ ನಾನು ಯೋಚಿಸಿದ್ದೇ ಇಲ್ಲ. ತೊಳೆದು ಕೊಡುತ್ತಿತ್ತು, ತೆಗೆದು ಇಡುತ್ತಿದ್ದೆ. ಒಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆಯೇ ಹುಟ್ಟಿರಲಿಲ್ಲ. ಒಂದು ವಸ್ತು ಕೆಟ್ಟಾಗ ಮಾತ್ರ ನಾವು ಅದರ ಕಡೆ ತಿರುಗುತ್ತೇವೆ ಎಂಬುದು ಆ ಬೇಸಿಗೆಯಲ್ಲಿ ನನ್ನನ್ನು ನಿಜಕ್ಕೂ ಬಾಧಿಸಿತು. ಯಾಕೆಂದರೆ ಅದೇ ಬೇಸಿಗೆಯಲ್ಲಿ ಇಡೀ ಬೆಂಗಳೂರು ನೀರಿನ ಕಡೆ ತಿರುಗಿ ನೋಡುತ್ತಿತ್ತು. ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. ನಮ್ಮ ಸಂಪಿಗೂ ವಾರಕ್ಕೆ ಎರಡು ಸಲ ಟ್ಯಾಂಕರ್ ಬರುತ್ತಿತ್ತು.

ಏಪ್ರಿಲ್‌ನಲ್ಲಿ ಅಮ್ಮ ಊರಿನಿಂದ ಬಂದಳು. ತೀರ್ಥಹಳ್ಳಿಯಿಂದ ಒಳಗೆ, ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಮನೆ ನಮ್ಮದು. ಬರುವಾಗ ಒಂದು ಚೀಲ ಹಲಸಿನ ಬೀಜ ತಂದಿದ್ದಳು. ಒಂದು ರಾತ್ರಿ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಅದರ ಸಿಪ್ಪೆ ಸುಲಿಯುತ್ತ ಕೂತಿದ್ದಾಗ ನಾನು ಡಿಶ್‌ವಾಶರ್ ಶುರು ಮಾಡಿದೆ. ಅದು ಎಂದಿನಂತೆ ಉಗಿಯತೊಡಗಿತು. ನನ್ನ ಕೈ ಆಗಲೇ ಗುಂಡಿಯ ಹತ್ತಿರ ಹೋಗಿತ್ತು.

"ಎಂತ ಆಗಿದ್ಯೇ ಅದಕ್ಕೆ?" ಅಂದಳು ಅಮ್ಮ.

"ಗೊತ್ತಿಲ್ಲಮ್ಮ. ಶುರುವಿಗೇ ಹೀಗೆ ಮಾಡ್ತದೆ."

"ಮಾಡ್ಲಿ ಬಿಡು. ಊಟಕ್ಕೆ ಮೊದಲು ಬಾಯಿ ಮುಕ್ಕಳಿಸ್ತಾ ಇದೆ. ನಿನ್ನೆದು ಏನೋ ಉಳಿದಿರ್ತದೆ."

ನಾನು ಕೈ ಹಿಂತೆಗೆದುಕೊಂಡೆ. ಇಬ್ಬರೂ ಕಿವಿಗೊಟ್ಟೆವು. ಝೇಂಕಾರ ಬಂತು, ನೀರು ಬಿತ್ತು, ಗೊರಗೊರ ಶುರುವಾಯಿತು. ಅಮ್ಮ ಸುಲಿಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. "ಇದು ಬೇರೆ. ಇದು ಗಾಳಿ. ನಮ್ಮ ಅಬ್ಬಿ ಪೈಪಿಂದೇ ಸದ್ದು ಇದು. ನೀರು ಸಾಲ್ತಾ ಇಲ್ಲ ಕಣೇ ಅದಕ್ಕೆ." ಹೇಳಿ ಮತ್ತೆ ಬೀಜ ಸುಲಿಯತೊಡಗಿದಳು.

ಆ ಯಂತ್ರದ ಬಾಗಿಲನ್ನು ಒಂದು ಸಲವೂ ತೆರೆದವಳಲ್ಲ ಅಮ್ಮ. ಎರಡು ಸದ್ದು ಕೇಳಿ ಎರಡೂ ಬೇರೆ ಬೇರೆ ಎಂದು ವಿಂಗಡಿಸಿಬಿಟ್ಟಳು. ತಿಂಗಳುಗಟ್ಟಲೆ ಎರಡನ್ನೂ ಒಟ್ಟುಗೂಡಿಸಿ "ಕೆಟ್ಟಿದೆ" ಎಂದು ಒಂದೇ ಹೆಸರು ಕೊಟ್ಟು ನಾನು ಹೆದರುತ್ತಿದ್ದೆ. ಆ ರಾತ್ರಿ ಕೈಪಿಡಿ ತೆಗೆದು ಮೊದಲ ಪುಟದಿಂದ ಓದಲು ಕೂತೆ.

ಒಳಗೆ ನಡೆಯುವುದು

ಅಮ್ಮ ಹೇಳಿದ ಮುಕ್ಕಳಿಸುವುದು ಅಕ್ಷರಶಃ ಸರಿ. ಒಂದು ಸುತ್ತು ಮುಗಿದಾಗ ಡಿಶ್‌ವಾಶರ್ ಪೂರ್ತಿ ಒಣಗುವುದಿಲ್ಲ. ತಳದ ಜಾಲರಿಯ ಕೆಳಗಿನ ಗುಂಡಿಯಲ್ಲಿ ಸ್ವಲ್ಪ ನೀರು ಉಳಿದಿರುತ್ತದೆ. ಅದು ಉಳಿಯಬೇಕಾದದ್ದೇ, ಪಂಪಿನ ರಬ್ಬರ್ ಸೀಲು ಒಣಗಿ ಬಿರುಕು ಬಿಡದಿರಲು ಅದು ಬೇಕು. ಆದರೆ ಅದು ನಿನ್ನೆಯ ನೀರು. ಜೊತೆಗೆ, ಹೊರಹೋಗುವ ಪೈಪು ಸಿಂಕಿನ ಕೆಳಗಿನ ಕೊಳವೆಗೆ ಸೇರಿರುವ ಮನೆಗಳಲ್ಲಿ ಸಿಂಕಿನ ನೀರು ಹಿಮ್ಮುಖವಾಗಿ ಒಳಗೆ ಬಂದಿರಲೂಬಹುದು. ಯಾರಾದರೂ ಅರ್ಧಕ್ಕೆ ನಿಲ್ಲಿಸಿದ್ದರೆ ಸಾಬೂನಿನ ನೀರೇ ನಿಂತಿರುತ್ತದೆ. ಇವುಗಳಲ್ಲಿ ಯಾವುದು ಆಗಿದೆ ಎಂದು ಯಂತ್ರ ವಿಚಾರಿಸಲು ಹೋಗುವುದಿಲ್ಲ. ಏನಿದ್ದರೂ ಮೊದಲು ಹೊರಗೆ ಹಾಕುತ್ತದೆ. ಒಳಗೆ ಏನೂ ಇಲ್ಲದಿದ್ದರೂ ಪಂಪು ಅಷ್ಟು ಹೊತ್ತು ತಿರುಗಿಯೇ ತಿರುಗುತ್ತದೆ, ಅದಕ್ಕೇ ಆ ಒಣ ಉಗಿಯುವಿಕೆ. ನಾನು ರದ್ದು ಮಾಡಿ ಮತ್ತೆ ಶುರು ಮಾಡಿದಾಗಲೆಲ್ಲ ಅದು ಎರಡೆರಡು ಸಲ ಉಗಿಯುತ್ತಿತ್ತು, ರದ್ದತಿಗೆ ಒಮ್ಮೆ, ಹೊಸ ಸುತ್ತಿಗೆ ಒಮ್ಮೆ. ನನ್ನ ಹೆದರಿಕೆಯನ್ನು ಹೆಚ್ಚಿಸುತ್ತಿದ್ದ ಸದ್ದಿನಲ್ಲಿ ಅರ್ಧ ಪಾಲು ನನ್ನ ಬೆರಳಿನದೇ.

ಝೇಂಕಾರದ ಗುಟ್ಟೂ ಸರಳ. ನೀರು ಒಳಬರುವ ದಾರಿಯಲ್ಲಿ ವಿದ್ಯುತ್ತಿನಿಂದ ತೆರೆದುಕೊಳ್ಳುವ ವಾಲ್ವ್ ಇರುತ್ತದೆ. ಅದರ ಸುರುಳಿಗೆ ಕರೆಂಟು ಹರಿದಾಗ ಹಾಗೆ ಗುಂಯ್‌ಗುಡುತ್ತದೆ. ಮುಚ್ಚಿಕೊಳ್ಳುವಾಗ ಕೆಲವು ಮನೆಗಳಲ್ಲಿ ಪೈಪಿನಲ್ಲಿ ಢಬ್ ಎಂದು ಹೊಡೆದ ಸದ್ದಾಗುತ್ತದೆ. ಓಡುತ್ತಿದ್ದ ನೀರು ಇದ್ದಕ್ಕಿದ್ದಂತೆ ನಿಂತಾಗ ಪೈಪನ್ನು ಗುದ್ದುವ ಸದ್ದು ಅದು. ನಮ್ಮ ಮನೆಯಲ್ಲಿ ಅದು ಯಾವತ್ತೂ ಕೇಳಿರಲಿಲ್ಲ. ಗುದ್ದುವಷ್ಟು ರಭಸ ನಮ್ಮ ನೀರಿಗೆ ಇರಲೇ ಇಲ್ಲ ಎಂಬುದು ಆಗಲೇ ಹೊಳೆಯಬೇಕಿತ್ತು.

ಒಳಬಂದ ನೀರನ್ನು ಯಂತ್ರ ಅಳೆಯುತ್ತದೆ. ಹಲವು ಮಾದರಿಗಳಲ್ಲಿ ದಾರಿಯಲ್ಲೊಂದು ಪುಟ್ಟ ಚಕ್ರವಿರುತ್ತದೆ, ನೀರು ತಳ್ಳಿದಂತೆ ಅದು ತಿರುಗುತ್ತದೆ, ಎಷ್ಟು ಸುತ್ತು ತಿರುಗಿತೆಂದು ಲೆಕ್ಕವಿಟ್ಟು ಎಷ್ಟು ನೀರು ಬಂತೆಂದು ತಿಳಿಯುತ್ತದೆ. ಒಂದು ಸಲಕ್ಕೆ ಬೇಕಾದದ್ದು ಮೂರು ನಾಲ್ಕು ಲೀಟರ್ ಮಾತ್ರ. ಇಡೀ ಸುತ್ತಿಗೆ ಹತ್ತು ಲೀಟರಿನ ಆಸುಪಾಸು. ಅದೇ ನೀರನ್ನು ಪಂಪು ಎತ್ತಿ ಮೇಲಿನ ಕೆಳಗಿನ ರೆಕ್ಕೆಗಳ ತೂತುಗಳಿಂದ ಚಿಮ್ಮಿಸುತ್ತದೆ, ಅದು ಪಾತ್ರೆಗೆ ಬಡಿದು ಕೆಳಗೆ ಬಂದು ಜಾಲರಿಯಲ್ಲಿ ಸೋಸಿ ಮತ್ತೆ ಮೇಲೆ ಹೋಗುತ್ತದೆ. ಸುತ್ತುವ ನೀರು ಸಾಕಷ್ಟಿಲ್ಲದಿದ್ದರೆ ಪಂಪಿನ ಬಾಯಿಗೆ ನೀರಿನ ಜೊತೆ ಗಾಳಿಯೂ ಹೋಗುತ್ತದೆ. ಆಗ ಆ ಗೊರಗೊರ. ಗಾಳಿ ಹೊಕ್ಕಾಗ ಮೋಟಾರಿನ ಮೇಲಿನ ಭಾರ ಇಳಿಯುತ್ತದೆ, ವೇಗ ಏರುಪೇರಾಗುತ್ತದೆ. ಈಗಿನ ಹಲವು ಯಂತ್ರಗಳು ಆ ಏರುಪೇರನ್ನೇ ಗುರುತಿಸಿ, ಪಂಪು ನಿಲ್ಲಿಸಿ, ಇನ್ನಷ್ಟು ನೀರು ತೆಗೆದುಕೊಂಡು ಮತ್ತೆ ಪ್ರಯತ್ನಿಸುತ್ತವೆ. ನಿಗದಿತ ಹೊತ್ತಿನಲ್ಲಿ ನೀರು ಬಾರದೇ ಹೋದರೆ ನಲ್ಲಿಯ ದೀಪ ಹತ್ತಿಸಿ ನಿಲ್ಲುತ್ತವೆ.

ಈ ಭಾಗ ಓದಿ ಮುಗಿಸಿದಾಗ ನನಗೆ ತುಂಬ ಬೇಸರವಾಯಿತು. ಅದು ಸಣ್ಣ ದಾರೆಯಲ್ಲಿ ಕಷ್ಟಪಟ್ಟು ಒಟ್ಟುಮಾಡಿಕೊಂಡ ಎರಡು ಮೂರು ಲೀಟರ್ ನೀರನ್ನು ಪ್ರತಿ ರಾತ್ರಿ ನಾನು ಚರಂಡಿಗೆ ಕಳಿಸುತ್ತಿದ್ದೆ. ಅದೂ ಅಂಥ ಬೇಸಿಗೆಯಲ್ಲಿ.

ಗಾಳಿ ಹಿಡಿದ ಪೈಪು

ನಮ್ಮೂರ ಮನೆಗೆ ಬಾವಿ ಇದ್ದರೂ ದಿನಬಳಕೆಯ ನೀರು ಗುಡ್ಡದ ಅಬ್ಬಿಯಿಂದ ಬರುತ್ತದೆ. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ಮಾಡಿದ ದಂಬೆಗಳು, ಒಂದರ ಬಾಯಿಗೆ ಇನ್ನೊಂದರ ಬಾಲ ಜೋಡಿಸಿ ಕವೆಗೋಲುಗಳ ಮೇಲೆ ಮಲಗಿಸಿದ ದಾರಿ. ನಾನು ಹುಟ್ಟುವ ಹೊತ್ತಿಗೆ ಕಪ್ಪು ಪೈಪು ಬಂದಿತ್ತು. ಒರತೆಯ ಹತ್ತಿರ ಕಲ್ಲು ಕಟ್ಟಿದ ಸಣ್ಣ ಗುಂಡಿ, ಅದರಿಂದ ಹೊರಟ ಪೈಪು ಬೇರುಗಳ ಕೆಳಗೆ, ಬಂಡೆಗಳ ಸಂದಿಯಲ್ಲಿ, ತೋಟದ ಅಂಚಿನಲ್ಲಿ ಹಾದು ಹಿತ್ತಿಲ ಸಿಮೆಂಟು ತೊಟ್ಟಿಗೆ ಬೀಳುತ್ತಿತ್ತು. ಹಗಲೂ ರಾತ್ರಿ ಬೀಳುತ್ತಲೇ ಇರುತ್ತಿತ್ತು. ಆ ಸದ್ದು ನಿಂತರೆ ಮಾತ್ರ ಮನೆಯವರಿಗೆ ಎಚ್ಚರ.

ಮಳೆಗಾಲದ ಒಂದು ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ನಾನು ಐದನೇ ಕ್ಲಾಸಿನಲ್ಲಿದ್ದೆ. ಪೈಪು ರಾತ್ರಿಯಿಡೀ ಉಗುಳುತ್ತಿತ್ತು. ಒಂದು ಗುಟುಕು ನೀರು, ಆಮೇಲೆ ಖೊರ್ ಎಂದು ಗಾಳಿ, ಮತ್ತೆ ಒಂದು ಗುಟುಕು. ಬೆಳಗಾಗುವ ಹೊತ್ತಿಗೆ ಬರೀ ಗಾಳಿ. ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ಕತ್ತಿ ಸೊಂಟಕ್ಕೆ ಸಿಕ್ಕಿಸಿ ಹೊರಟರು, ನಾನೂ ಹಿಂದೆ ಹೋದೆ. ಕಾಲಿಗೆ ಸುಣ್ಣ ತಂಬಾಕು ಹಚ್ಚಿಕೊಂಡಿದ್ದರೂ ಇಂಬಳಗಳು ಹತ್ತುತ್ತಿದ್ದವು. ಅಪ್ಪಯ್ಯ ಎಲ್ಲೂ ಅವಸರ ಮಾಡಲಿಲ್ಲ. ಪ್ರತಿ ಇಪ್ಪತ್ತು ಮೂವತ್ತು ಹೆಜ್ಜೆಗೆ ಬಗ್ಗಿ ಕತ್ತಿಯ ಹಿಡಿಯಿಂದ ಪೈಪನ್ನು ಮೆಲ್ಲಗೆ ತಟ್ಟುತ್ತಿದ್ದರು. ತುಂಬಿದ ಪೈಪಿನ ಸದ್ದು ಬೇರೆ, ಟೊಳ್ಳು ಪೈಪಿನ ಸದ್ದು ಬೇರೆ. ನನಗೂ ತಟ್ಟಲು ಕೊಟ್ಟರು. ಮೂರನೇ ಸಲಕ್ಕೆ ನನಗೂ ಗೊತ್ತಾಗತೊಡಗಿತು.

ಬಂಡೆಯೊಂದನ್ನು ಏರಿ ಇಳಿಯುವ ಜಾಗದಲ್ಲಿ ಪೈಪು ಟೊಳ್ಳಾಗಿತ್ತು. ಅಂಥ ಗೂನಿನಲ್ಲೇ ಗಾಳಿ ಕೂತುಕೊಳ್ಳುತ್ತದೆ. ಅಬ್ಬಿಯ ಗುಂಡಿಗೆ ಎಲೆ ಮುಚ್ಚಿಕೊಂಡು ನೀರು ಕಡಿಮೆಯಾದಾಗ ಪೈಪು ಗಾಳಿ ಎಳೆದುಕೊಂಡಿರುತ್ತದೆ, ಆಮೇಲೆ ಎಲೆ ತೆಗೆದರೂ ಗೂನಿನಲ್ಲಿ ಸಿಕ್ಕಿಕೊಂಡ ಗಾಳಿ ಹಿಂದಿನ ನೀರನ್ನು ಬಿಡುವುದಿಲ್ಲ. ಅಪ್ಪಯ್ಯ ಅಲ್ಲಿ ಮೊದಲೇ ಒಂದು ಸಣ್ಣ ತೂತು ಮಾಡಿ ಬಿದಿರಿನ ಗೂಟ ಬಡಿದಿದ್ದರು. ಅದನ್ನು ಕಿತ್ತರು. ಉಸ್ಸೆಂದು ಗಾಳಿ ಹೋಯಿತು, ಎಷ್ಟೋ ಹೊತ್ತು ಹೋಯಿತು, ಆಮೇಲೆ ತಣ್ಣಗಿನ ನೀರು ಚಿಮ್ಮಿ ನನ್ನ ಮುಖಕ್ಕೆ ಹೊಡೆಯಿತು. ಗೂಟ ಮತ್ತೆ ಬಡಿದರು. ವಾಪಸು ಬರುವಾಗ ನಾನು ಕೇಳಿದೆ, ಇಷ್ಟು ದೂರದಿಂದ ಪಂಪು ಇಲ್ಲದೆ ನೀರು ಹೇಗೆ ಬರುತ್ತದೆ ಎಂದು. "ನೀರು ಎತ್ತರ ನೋಡ್ತದೆ. ದೂರ ಅದಕ್ಕೆ ಲೆಕ್ಕಕ್ಕಿಲ್ಲ" ಅಂದರು. (ದೂರಕ್ಕೂ ಒಂದು ಲೆಕ್ಕ ಇದೆ, ಉದ್ದ ಪೈಪಿನ ಗೋಡೆಗೆ ಉಜ್ಜಿ ಉಜ್ಜಿ ನೀರಿನ ರಭಸ ಸವೆಯುತ್ತದೆ ಎಂದು ಆಮೇಲೆ ಶಾಲೆಯಲ್ಲಿ ಕಲಿತೆ. ಆದರೆ ತಳ್ಳುವುದು ಎತ್ತರವೇ.)

ಅಪ್ಪಯ್ಯ ಈಗಿಲ್ಲ. ಬೆಂಗಳೂರಿನ ಅಡುಗೆಮನೆಯ ಕತ್ತಲಲ್ಲಿ ಕೈಪಿಡಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ಆ ಮಾತು ನೆನಪಾಯಿತು. ಕೈಪಿಡಿಯ ಕೊನೆಯಲ್ಲಿ, ಯಾರೂ ಓದದ ತಾಂತ್ರಿಕ ವಿವರಗಳ ಪಟ್ಟಿಯಲ್ಲಿ ಒಂದು ಸಾಲಿತ್ತು. ನೀರಿನ ಒತ್ತಡ ಕನಿಷ್ಠ 0.5 ಬಾರ್, ಗರಿಷ್ಠ 10 ಬಾರ್. ಹತ್ತು ಮೀಟರ್ ಎತ್ತರದ ನೀರು ಸರಿಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಅಂದರೆ ಈ ಯಂತ್ರಕ್ಕೆ ತನ್ನ ಬಾಯಿಗಿಂತ ಐದು ಮೀಟರ್ ಮೇಲೆ ನೀರು ಇರಬೇಕು. ನಮ್ಮದು ಮೂರಂತಸ್ತಿನ ಕಟ್ಟಡದ ಮೇಲಿನ ಮನೆ. ಟ್ಯಾಂಕು ಇರುವುದು ನಮ್ಮ ತಲೆಯ ಮೇಲೇ.

ಹಗ್ಗ ಬಿಟ್ಟು ಅಳೆದದ್ದು

ಮಾರನೇ ದಿನ ಬೆಳಿಗ್ಗೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದು ಬೀಗ ಕಟ್ಟಿಕೊಂಡು ನಾನು ಟೆರೇಸಿಗೆ ಹೋದೆ. ಟ್ಯಾಂಕಿನ ತುಂಬಿದ ನೀರಿನ ಮಟ್ಟಕ್ಕೆ ಹಗ್ಗದ ತುದಿ ಹಿಡಿದು ಗೋಡೆಯ ಹೊರಗಿನಿಂದ ಕೆಳಗೆ ಬಿಟ್ಟೆ. ಅಮ್ಮ ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿ ಬೀಗ ಹಿಡಿದು, ಸಿಂಕಿನ ಕೆಳಗಿನ ಆಂಗಲ್ ಕಾಕ್, ಅಂದರೆ ಯಂತ್ರಕ್ಕೆ ನೀರು ಬಿಡುವ ಸಣ್ಣ ನಲ್ಲಿ, ಎಷ್ಟು ಎತ್ತರದಲ್ಲಿದೆಯೋ ಅಲ್ಲಿಗೆ ಒಂದು ಗಂಟು ಹಾಕಿದಳು. ನೆಲದ ಮೇಲೆ ಹಗ್ಗ ಚಾಚಿ ಟೇಪು ಹಿಡಿದೆವು. ನಾಲ್ಕೂವರೆ ಮೀಟರಿಗೆ ಸ್ವಲ್ಪ ಹೆಚ್ಚು. ಟ್ಯಾಂಕು ತುಂಬಿದಾಗ ಇಷ್ಟು. ನೀರು ತಳಕ್ಕೆ ಇಳಿದಾಗ ಇನ್ನೊಂದು ಮೀಟರ್ ಕಡಿಮೆ.

ಆಗ ಬೆಳಿಗ್ಗೆ ಮತ್ತು ರಾತ್ರಿಯ ವ್ಯತ್ಯಾಸ ಬಿಡಿಸಿಕೊಂಡಿತು. ಕೆಳಗಿನ ಮನೆಯ ಓನರ್ ಅಂಕಲ್ ದಿನಾ ಬೆಳಿಗ್ಗೆ ಆರಕ್ಕೆ ಸಂಪಿನ ಮೋಟಾರು ಹಾಕುತ್ತಾರೆ. ಏಳಕ್ಕೆ ಟ್ಯಾಂಕು ತುಂಬಿರುತ್ತದೆ. ದಿನವಿಡೀ ಮೂರು ಮನೆಯವರು ಬಳಸಿ ರಾತ್ರಿ ಒಂಬತ್ತೂವರೆಗೆ ನೀರು ತಳದಲ್ಲಿರುತ್ತದೆ. ಅದೇ ಹೊತ್ತಿಗೆ ನನ್ನ ಮಗಳು ಸ್ನಾನಕ್ಕೆ ಹೋಗುತ್ತಾಳೆ, ಅದೇ ಪೈಪಿನಿಂದ ಕವಲೊಡೆದ ನೀರು. ಕಂಪನಿಯ ಹುಡುಗ ಬಂದ ಹನ್ನೊಂದು ಗಂಟೆ ಯಂತ್ರಕ್ಕೆ ಒಳ್ಳೆಯ ಹೊತ್ತು. ಕನಿಷ್ಠಕ್ಕಿಂತ ತುಸು ಕಡಿಮೆಯಿದ್ದರೂ ಅದು ಹೇಗೋ ನಡೆಸಿಕೊಂಡು ಹೋಗುತ್ತಿತ್ತು.

ಆದರೆ ಹಾಗೆಯೇ ನಾಲ್ಕು ವರ್ಷ ರಾತ್ರಿಯೂ ನಡೆದಿತ್ತಲ್ಲ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಸಿಕ್ಕಿದ್ದು ಪ್ಲಂಬರ್ ಬಂದಾಗ. ಅವರು ನೋಡಿದ ಕೂಡಲೇ "ಈ ಪೈಪು ಕತ್ತರಿಸಿ ಬೇರೆ ಹಾಕ್ತೀನಿ ಅಕ್ಕ" ಅಂದರು. ಕೈಪಿಡಿ ಓದಿದ್ದರಿಂದ ಬೇಡ ಅಂದೆ. ಕೆಲವು ಯಂತ್ರಗಳ ನೀರಿನ ಪೈಪಿನ ತುದಿಯಲ್ಲಿ ದಪ್ಪ ಡಬ್ಬಿಯೊಂದಿರುತ್ತದೆ, ಸೋರಿಕೆಯಾದರೆ ನಲ್ಲಿಯ ಹತ್ತಿರವೇ ನೀರು ತಡೆಯುವ ವಾಲ್ವ್ ಅದರೊಳಗಿರುತ್ತದೆ, ಪೈಪಿನ ಉದ್ದಕ್ಕೂ ಕರೆಂಟಿನ ವೈರು ಹೋಗಿರುತ್ತದೆ. ಅದನ್ನು ಕತ್ತರಿಸಬಾರದು. ನಲ್ಲಿ ಮುಚ್ಚಿ, ಪ್ಲಗ್ ಕಿತ್ತು, ಡಬ್ಬಿಯನ್ನು ತಿರುಗಿಸಿ ಬಿಚ್ಚಿದೆವು. ಅದರ ಬಾಯಲ್ಲಿದ್ದ ಹೆಬ್ಬೆರಳ ಉಗುರಿನಷ್ಟು ಅಗಲದ ಜಾಲರಿ ಕೆಂಪು ಮಣ್ಣಿನಿಂದ, ಸಣ್ಣ ಮರಳಿನಿಂದ ಮುಚ್ಚಿಹೋಗಿತ್ತು. ಟ್ಯಾಂಕರ್ ನೀರು ಬರತೊಡಗಿದ ಮೇಲೆ ಸೇರಿದ್ದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಮ್ಮನೇ ತಿಕ್ಕಿ ತೊಳೆದಳು. "ಅಬ್ಬಿ ಬಾಯಿಗೆ ಎಲೆ ಮುಚ್ಚಿದ ಹಾಗೆ" ಅಂದಳು.

ಎತ್ತರ ಮೊದಲೇ ಕಡಿಮೆ, ಬಾಯಿಗೆ ಮಣ್ಣು, ರಾತ್ರಿ ಖಾಲಿ ಟ್ಯಾಂಕು. ಮೂರೂ ಸೇರಿದಾಗ ಮಾತ್ರ ಗೊರಗೊರ. ಯಾವುದೂ ಯಂತ್ರದ ದೋಷವಲ್ಲ. ಅದು ಶುರುವಿನ ಐದು ನಿಮಿಷದಲ್ಲಿ ಹೇಳುತ್ತಿದ್ದದ್ದು ತನ್ನ ಸಮಾಚಾರವನ್ನಲ್ಲ, ನಮ್ಮ ಮನೆಯ ನೀರಿನ ಸಮಾಚಾರವನ್ನು. ಮನೆಯ ಬೇರೆ ಯಾವ ನಲ್ಲಿಯೂ ನನಗೆ ಇದನ್ನು ಹೇಳಿರಲಿಲ್ಲ. ಸಿಂಕಿನ ನಲ್ಲಿ ಸಣ್ಣಗೆ ಬಂದರೆ ನಾವು ಇನ್ನೊಂದು ಸುತ್ತು ತಿರುಗಿಸುತ್ತೇವೆ, ಬಕೆಟ್ ತುಂಬಲು ಇನ್ನೆರಡು ನಿಮಿಷ ಕಾಯುತ್ತೇವೆ, ಅಷ್ಟಕ್ಕೆ ಮರೆಯುತ್ತೇವೆ. ಯಂತ್ರ ಲೆಕ್ಕವಿಡುತ್ತದೆ.

ಪ್ಲಂಬರ್ ಪ್ರೆಶರ್ ಪಂಪು ಹಾಕಿಸಲು ಹೇಳಿದರು. ಬಾಡಿಗೆ ಮನೆ, ಮೂರು ಮನೆಗೆ ಒಂದೇ ಟ್ಯಾಂಕು, ನಾನು ಹಾಕಿಸಿದ ಪಂಪು ಉಳಿದವರ ಪಾಲಿನ ನೀರನ್ನು ನಮ್ಮ ಕಡೆ ಎಳೆದರೆ ಎಂಬ ಸಂಕೋಚ ನನಗೆ. ಹಾಕಿಸಲಿಲ್ಲ. ಪಾತ್ರೆ ತೊಳೆಯುವ ರಭಸಕ್ಕೂ ಟ್ಯಾಂಕಿನ ಒತ್ತಡಕ್ಕೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು, ಯಾಕೆಂದರೆ ನಾನೇ ಬಹಳ ದಿನ ತಪ್ಪು ತಿಳಿದಿದ್ದೆ. ಚಿಮ್ಮುವ ರಭಸ ಒಳಗಿನ ಪಂಪಿನದು. ಅಮೆರಿಕದ ಇಲಿನಾಯ್‌ನ ಶೆಲ್ಬಿವಿಲ್‌ನಲ್ಲಿದ್ದ ಜೋಸೆಫೀನ್ ಕಾಕ್ರೇನ್ 1886ರಲ್ಲಿ ಪೇಟೆಂಟ್ ಪಡೆದ ಯಂತ್ರದ ಹೊಸತನವೂ ಅದೇ ಆಗಿತ್ತು. ಪಾತ್ರೆಯನ್ನು ಉಜ್ಜದೆ, ತಂತಿಯ ಗೂಡಿನಲ್ಲಿ ಅಲ್ಲಾಡದಂತೆ ನಿಲ್ಲಿಸಿ ಬಿಸಿ ಸಾಬೂನು ನೀರನ್ನು ರಭಸದಿಂದ ಹಾಯಿಸುವುದು. 1893ರ ಷಿಕಾಗೋ ವಿಶ್ವಮೇಳದಲ್ಲಿ ಅದನ್ನು ಜನ ನೋಡಿದರು. ಟ್ಯಾಂಕಿನಿಂದ ಯಂತ್ರಕ್ಕೆ ಬೇಕಾದದ್ದು ಮೊದಲ ಮೂರು ನಾಲ್ಕು ಲೀಟರ್ ತಡವಾಗದೆ ಬರುವುದು, ಅಷ್ಟೇ. ಹಾಗಾಗಿ ನಾನು ಜಾಲರಿ ತೊಳೆಯುವುದನ್ನು ತಿಂಗಳ ಕೆಲಸ ಮಾಡಿಕೊಂಡೆ. ಮಗಳ ಸ್ನಾನ ಮುಗಿದ ಮೇಲೆ ಗುಂಡಿ ಒತ್ತುತ್ತೇನೆ. ಟ್ಯಾಂಕು ತೀರಾ ಕೆಳಗಿದ್ದ ದಿನ ಬೆಳಿಗ್ಗೆ ಏಳಕ್ಕೆ.

ಗೊರಗೊರ ಹೋದಮೇಲೆ ನನ್ನ ಕಿವಿ ಚುರುಕಾಯಿತು, ಬೇರೆ ಸದ್ದುಗಳೂ ಕೇಳತೊಡಗಿದವು. ಎಂಟು ಹತ್ತು ದಿನಕ್ಕೊಮ್ಮೆ ಯಂತ್ರ ಒಂದಿಷ್ಟು ಹೆಚ್ಚು ನೀರು ತೆಗೆದುಕೊಂಡು, ಪಂಪು ತಿರುಗಿಸದೆ ಸುಮ್ಮನಿದ್ದು, ಹಾಗೇ ಹೊರಹಾಕುತ್ತದೆ. ಅದು ಉಪ್ಪಿನ ಕೆಲಸ. ತಳದಲ್ಲಿ ಉಪ್ಪು ತುಂಬುವ ಖಾನೆ ಇರುವುದು ಪಾತ್ರೆಗೆ ಉಪ್ಪು ಹಾಕಲಿಕ್ಕಲ್ಲ. ಗಡಸು ನೀರಿನ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುವ ಸಣ್ಣ ರಾಳದ ಮಣಿಗಳು ಒಳಗಿರುತ್ತವೆ, ಅವು ತುಂಬಿಹೋದಾಗ ಉಪ್ಪುನೀರು ಹಾಯಿಸಿ ಸುಣ್ಣ ಬಿಡಿಸಬೇಕು. ನೀರು ಎಷ್ಟು ಗಡಸೆಂದು ಯಂತ್ರದಲ್ಲಿ ಹೊಂದಿಸಿರುತ್ತೇವೋ ಅಷ್ಟು ಬೇಗ ಬೇಗ ಅದು ಈ ಕೆಲಸ ಮಾಡುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಬೆಂಗಳೂರಿನ ಎಷ್ಟೋ ಬೋರ್‌ವೆಲ್ ನೀರು ಎಷ್ಟು ಗಡಸೆಂದು ಬಕೆಟ್ಟಿನ ಅಂಚಿನ ಬಿಳಿ ಗೆರೆಯೇ ಹೇಳುತ್ತದೆ. ನಾಲ್ಕು ವರ್ಷ ನಮ್ಮ ಯಂತ್ರ ಕಾವೇರಿ ನೀರಿನ ಅಂದಾಜಿಗೆ ಹೊಂದಿಸಿಕೊಂಡೇ ಇತ್ತು. ಈಗ ಬದಲಿಸಿದ್ದೇನೆ. ಇನ್ನು, ತೋರಿಸುವ ಹೊತ್ತು ಶುರುವಾದ ಮೇಲೆ ಇದ್ದಕ್ಕಿದ್ದಂತೆ ಜಿಗಿಯುವುದೂ ಕೆಡುಕಿನ ಲಕ್ಷಣವಲ್ಲ. ಆಟೋ ಸುತ್ತಿನಲ್ಲಿ ನೀರಿನೊಳಗೆ ಬೆಳಕು ಹಾಯಿಸಿ ಎಷ್ಟು ಕದಡಿದೆ ಎಂದು ನೋಡುತ್ತದೆ, ಸಾರಿನ ಪಾತ್ರೆ ಹೆಚ್ಚಿದ್ದ ದಿನ ಹೊತ್ತು ಹೆಚ್ಚಿಸಿಕೊಳ್ಳುತ್ತದೆ.

ನೆಲಮಹಡಿಯ ಓನರ್ ಆಂಟಿಯೂ ಒಂದು ಡಿಶ್‌ವಾಶರ್ ತಂದರು. ಅವರಿಗೆ ನಮಗಿಂತ ಆರು ಮೀಟರ್ ಹೆಚ್ಚು ಎತ್ತರದ ನೀರು, ರಭಸಕ್ಕೆ ಕೊರತೆಯಿಲ್ಲ. ಆದರೂ ಅವರದು ನೀರು ತೆಗೆದುಕೊಳ್ಳುತ್ತಲೇ ಇರುತ್ತಿತ್ತು, ತುಂಬುತ್ತಲೇ ಇರಲಿಲ್ಲ. ನನ್ನನ್ನು ಕರೆದರು. ನಾನು ಅಲ್ಲಿ ನಿಂತು ಕೇಳಿದೆ. ಒಳಬರುವ ಸದ್ದಿನ ಕೆಳಗೆ ಇನ್ನೊಂದು ಸದ್ದು ಇತ್ತು, ಯುಟಿಲಿಟಿಯ ಕಡೆಯಿಂದ. ಹೊರಹೋಗುವ ಪೈಪಿನ ತುದಿಯನ್ನು ನೆಲದ ನೀರಿನ ತೂತಿಗೆ ಇಳಿಬಿಟ್ಟಿದ್ದರು. ಹಿಂದಿನ ಸಲ ಹೊರಹಾಕುವಾಗ ತುಂಬಿಕೊಂಡ ಪೈಪು, ತೋಟದ ತೊಟ್ಟಿಯಿಂದ ಅಪ್ಪಯ್ಯ ಪೈಪು ಬಾಯಲ್ಲಿ ಎಳೆದು ನೀರು ಬಿಡುತ್ತಿದ್ದರಲ್ಲ, ಹಾಗೆ ಬರುವ ನೀರನ್ನೆಲ್ಲ ತನ್ನಷ್ಟಕ್ಕೇ ಎಳೆದು ಚೆಲ್ಲುತ್ತಿತ್ತು. ಪೈಪನ್ನು ಎತ್ತಿ ಸೊಂಟದ ಮಟ್ಟಕ್ಕೆ ಕಟ್ಟಿ ಅಲ್ಲಿಂದ ಇಳಿಸಿದೆವು. ಸರಿಹೋಯಿತು.

ಅಮ್ಮ ಮೇ ಕೊನೆಗೆ ಊರಿಗೆ ಹೋದಳು. ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತದ ನೀರು ನಗರದ ಅಂಚಿನ 110 ಹಳ್ಳಿಗಳಿಗೆಂದು ಬಂತು, ನಮ್ಮ ಬೀದಿಯಲ್ಲೂ ಟ್ಯಾಂಕರ್ ಓಡಾಟ ಕಡಿಮೆಯಾಯಿತು, ಜಾಲರಿಯಲ್ಲಿ ಸಿಗುವ ಮಣ್ಣೂ ಕಡಿಮೆಯಾಯಿತು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನಾನು ಕಟ್ಟೆಗೆ ಒರಗಿ ನಿಂತಿದ್ದಾಗ ಅಮ್ಮನ ಫೋನು ಬಂತು. ಗುಡ್ಡದಲ್ಲಿ ಮರ ಬಿದ್ದು ಪೈಪು ಬಿಟ್ಟುಹೋಗಿತ್ತಂತೆ, ಪಕ್ಕದ ಮನೆಯ ಹುಡುಗರು ಹೋಗಿ ಜೋಡಿಸಿ ಬಂದಿದ್ದಾರಂತೆ, ಆದರೆ ನೀರು ಇನ್ನೂ ಉಗುಳುತ್ತಿದೆ.

"ಗೂಟ ತೆಗೆದ್ರಾ?" ಕೇಳಿದೆ.

"ತೆಗೆದ್ರಂತೆ. ಗಾಳಿ ಹೋಗೂಕೆ ಸ್ವಲ್ಪ ಹೊತ್ತು ಬೇಕು."

"ಫೋನು ತೊಟ್ಟಿ ಹತ್ತಿರ ಹಿಡಿಯಮ್ಮ."

ಅವಳು ಹಿತ್ತಿಲಿಗೆ ನಡೆದಳು. ಮಳೆಯ ಸದ್ದು, ಕಪ್ಪೆಗಳ ಸದ್ದು, ಅದರ ನಡುವೆ ಖೊರ್ ಎಂದು ಒಂದು, ನೀರಿನ ಒಂದು ಗುಟುಕು, ಮತ್ತೆ ಖೊರ್. ಈ ಕಡೆ ನನ್ನ ಯಂತ್ರ ನಿನ್ನೆಯದನ್ನು ಉಗಿದು ಮುಗಿಸಿ ಝೇಂಕರಿಸತೊಡಗಿತ್ತು. ನಾನು ಇಬ್ಬರನ್ನೂ ಕೇಳುತ್ತ ನಿಂತೆ. ಇಲ್ಲಿ ಪಂಪು ಒಂದೇ ಉಸಿರಿಗೆ ತಿರುಗಿಕೊಂಡಿತು. ಅಲ್ಲಿ ಇನ್ನೂ ಎರಡು ನಿಮಿಷ ಬೇಕಾಯಿತು, ಆಮೇಲೆ ಸಿಮೆಂಟು ತೊಟ್ಟಿಗೆ ನೀರು ಬಿಡದೆ ಬೀಳುವ ಸದ್ದು ಫೋನಿನಲ್ಲಿ ತುಂಬಿಕೊಂಡಿತು.

"ಬಂತು" ಅಂದಳು ಅಮ್ಮ.